ಊರಿಗೆಲ್ಲ ಗಿರಗಿಟ್ಲೆ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ಬೆನ್ನುನೋವು ಈಗ ಹೇಗಿದೆ? ಆ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಸೀಸದ ಏಪ್ರನ್ ಹೊತ್ತುಕೊಂಡು ನಿಂತರೆ ಬೆನ್ನು ಇನ್ನೇನಾಗಬೇಕು ಹೇಳು. ಊರವರ ಮೂಳೆಗಳನ್ನೆಲ್ಲ ನೋಡುವವಳು ನಿನ್ನದನ್ನೂ ಒಂದು ಸಲ ಯಾರಿಗಾದರೂ ತೋರಿಸಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಅಥವಾ ನಿಂತಲ್ಲೇ ಎರಡು ಬಿಸ್ಕತ್ತು ತಿಂದು ಆಯಿತು ಅನ್ನುತ್ತಿದ್ದೀಯೋ? ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದವಾಗಿದೆ. ಹಾಲು ತನ್ನಿ ಎಂದರೆ ಕೇಳಿಸುವುದಿಲ್ಲ, ಹಿತ್ತಲಲ್ಲಿ ನಿಂತು ಅವರ ಬಗ್ಗೆ ಪಿಸುಗುಟ್ಟಿದರೆ ತಕ್ಷಣ ಕೇಳಿಸುತ್ತದೆ. ಅದಕ್ಕೇ ಫೋನ್ ಮಾಡದೆ ಕಾಗದ ಬರೆಯಲು ಕೂತೆ. ನಿನ್ನ ತಮ್ಮನ ಹೆಂಡತಿ ಈಗ ಎದ್ದು ಓಡಾಡುತ್ತಿದ್ದಾಳೆ. ಮಗು ದುಂಡಗಿದೆ, ತಲೆತುಂಬ ಕೂದಲು. ಅಳುವುದರಲ್ಲಿ ಮಾತ್ರ ಥೇಟ್ ನೀನೇ. ಮೊದಲು ತುಟಿ ಸೊಟ್ಟಗೆ ಮಾಡಿ ನಮಗೆಲ್ಲ ಎಚ್ಚರಿಕೆ ಕೊಡುತ್ತದೆ, ಆಮೇಲೆ ಶುರು. ಹೆಸರು ಇನ್ನೂ ಇಟ್ಟಿಲ್ಲ.

ಆ ವಿಷಯಕ್ಕೇ ಬರುತ್ತೇನೆ. ನಿನ್ನ ತಮ್ಮನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಮಗುವನ್ನೂ ನಿನ್ನ ಹಾಗೇ ಗಿರಗಿಟ್ಲೆ ಎಂದು ಕರೆಯೋಣ ಅಂದುಕೊಂಡಿದ್ದೇವೆ ಎಂದು ಅವನು ನಿನಗೆ ಫೋನ್ ಮಾಡಿದ್ದು, ನೀನು ಬೇಡವೇ ಬೇಡ ಎಂದದ್ದು, ಯಾಕೆ ಯಾಕೆ ಎಂದು ಅವನು ಬೆನ್ನುಹತ್ತಿದಾಗ ನೀನು ಕಾಲೇಜಿನ ದಿನಗಳ ಮಾತು ಬಾಯಿಬಿಟ್ಟದ್ದು, ಎಲ್ಲವನ್ನೂ ಅವತ್ತೇ ಊಟಕ್ಕೆ ಕೂತಾಗ ನಮ್ಮ ಮುಂದೆ ಒಪ್ಪಿಸಿಬಿಟ್ಟ. ನಮ್ಮ ಬಾಡಿಗೆ ಸೈಕಲ್ಲುಗಳ ಮೇಲೆ ನಿನ್ನ ಹೆಸರು ನೋಡಿದ ಹುಡುಗರು, ಕಾಲೇಜಿನ ಗೇಟಿನಲ್ಲಿ ಸಾಲಾಗಿ ನಿಂತು, ನೀನು ಹಾದುಹೋಗುವಾಗಲೆಲ್ಲ ‘ಗಿರಗಿಟ್ಲೆ, ಗಂಟೆಗೆಷ್ಟು ಬಾಡಿಗೆ?’ ಎಂದು ಕೇಳುತ್ತಿದ್ದರಂತಲ್ಲ. ಆ ಹುಡುಗರೆಲ್ಲ ಈಗ ಹೊಟ್ಟೆ ಬಂದ ಗಂಡಸರಾಗಿ ಎಲ್ಲೋ ಹಾಯಾಗಿರುತ್ತಾರೆ, ಅವರವರ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುತ್ತಿರುತ್ತಾರೆ. ಕೈಗೆ ಸಿಕ್ಕರೆ ಒಬ್ಬೊಬ್ಬನಿಗೂ ಸೈಕಲ್ ಪಂಪಿನಲ್ಲಿ ಬಾರಿಸುತ್ತಿದ್ದೆ. ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡು ಕೂತಿದ್ದೆಯಲ್ಲ, ಅದನ್ನು ನೆನೆದರೆ ಅಳು ಬರುತ್ತದೆ. ನಿಮ್ಮಪ್ಪ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ಆಮೇಲೆ ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು ಸೈಕಲ್ ಅಂಗಡಿ ಕಡೆ ಹೋದರು.

ನೀನು ಊರು ಬಿಟ್ಟ ಮೇಲೆ ಆ ಹೆಸರು ಎಲ್ಲೆಲ್ಲಿಗೆ ಹೋಗಿ ಕೂತಿದೆ ಎಂದು ನಿನಗೆ ಗೊತ್ತಿಲ್ಲ. ಅದರ ಹುಟ್ಟು ಗೊತ್ತು, ಆದರೂ ಹೇಳುತ್ತೇನೆ, ಅಮ್ಮನಿಗೆ ಅಷ್ಟು ಹಕ್ಕಿದೆ. ಶಾಲೆಯಲ್ಲಿ ಬರೆಸಿದ ಹೆಸರು ನಿನ್ನ ಸೋದರತ್ತೆ ಹುಡುಕಿದ್ದು, ಉದ್ದದ ಗಂಭೀರವಾದ ಹೆಸರು. ನಿನಗಾಗ ಎರಡು ವರ್ಷವೂ ತುಂಬಿರಲಿಲ್ಲ. ನಿಮ್ಮಪ್ಪ ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿ ಡೊಂಕು ನೋಡುತ್ತಿದ್ದರೆ, ನೀನು ಪಕ್ಕದಲ್ಲಿ ಎರಡು ಕೈ ಚಾಚಿ ಚಕ್ರದ ಜೊತೆ ನೀನೂ ಗಿರಗಿರ ತಿರುಗುತ್ತಿದ್ದೆ. ತಲೆಸುತ್ತಿ ಧೊಪ್ಪೆಂದು ಕೂತು ನಗುತ್ತಿದ್ದೆ, ಎದ್ದು ಮತ್ತೆ ಅದೇ. ‘ಇದು ಮಗು ಅಲ್ಲ ಕಣೇ, ಗಿರಗಿಟ್ಲೆ’ ಎಂದರು ಅವರು. ಅವತ್ತಿನಿಂದ ನಿನ್ನ ಸೋದರತ್ತೆ ಹುಡುಕಿದ ಹೆಸರು ಶಾಲೆಗಷ್ಟೇ ಉಳಿಯಿತು. ಪಂಚರಿಗೆ ಹಚ್ಚುವ ರಬ್ಬರ್ ಸೊಲ್ಯೂಷನ್ನಿನ ವಾಸನೆ ನಿನ್ನ ಫ್ರಾಕಿನಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಪಂಚರ್ ನೋಡುವ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನೀರಿನಲ್ಲಿ ಗುಳ್ಳೆ ಎದ್ದ ಕೂಡಲೇ ‘ಅಪ್ಪಾ, ಇಲ್ಲಿ, ಇಲ್ಲಿ’ ಎಂದು ಕಿರುಚುವುದು ನಿನ್ನ ಕೆಲಸ. ಆ ಗುಳ್ಳೆಯನ್ನು ನಿಮ್ಮಪ್ಪ ಮೊದಲೇ ನೋಡಿರುತ್ತಿದ್ದರು. ಆದರೂ ನೀನು ಕಿರುಚುವ ತನಕ ಕಾಯುತ್ತಿದ್ದರು.

ಸೈಕಲ್ಲಿನ ಮೇಲೆ ಹೆಸರು ಬರೆದದ್ದು ಕಳ್ಳತನದ ಕಾಟಕ್ಕೆ. ಬಾಡಿಗೆಗೆ ಹೋದ ನಮ್ಮ ಸೈಕಲ್ಲೊಂದು ಬೇರೆ ಅಂಗಡಿಯ ಮುಂದೆ ನಿಂತಿತ್ತು. ಇದು ನಮ್ಮದು ಎಂದರೆ ಆ ಅಂಗಡಿಯವನು ‘ಏನ್ ಗುರುತು, ತೋರ್ಸಿ’ ಎಂದ. ತೋರಿಸಲು ಏನೂ ಇರಲಿಲ್ಲ. ಅವತ್ತೇ ಸಂಜೆ ನಿಮ್ಮಪ್ಪ ಹಳದಿ ಬಣ್ಣದ ಡಬ್ಬಿ ತಂದರು. ನಿಮ್ಮ ಹೆಸರು ಬರೆಯಿರಿ ಎಂದು ನಾನು ಹೇಳಿದೆ. ‘ನನ್ನ ಹೆಸರು ನೋಡಿ ಯಾವನು ವಾಪಸ್ ತಂದ್ಕೊಡ್ತಾನೆ? ಇವಳ ಹೆಸರು ನೋಡಿದ್ರೆ ನಕ್ಕೊಂಡಾದ್ರೂ ತಂದ್ಕೊಡ್ತಾನೆ’ ಎಂದು ಪ್ರತಿಯೊಂದು ಹಿಂದಿನ ಮಡ್ಗಾರ್ಡಿನ ಮೇಲೂ ಗಿರಗಿಟ್ಲೆ ಎಂದು ಬರೆದರು. ಮಡ್ಗಾರ್ಡು ಸಣ್ಣದು, ಹೆಸರು ದೊಡ್ಡದು, ಕೊನೆಯ ಅಕ್ಷರ ಯಾವಾಗಲೂ ಅಂಚಿಗೆ ಬಂದು ಬೀಳುವಂತಿರುತ್ತಿತ್ತು. ಡಬ್ಬಿ ಹಿಡಿದು ನಿಂತವಳು ನೀನೇ. ಊರಿನ ಸೈಕಲ್ಲೆಲ್ಲ ನಿನ್ನದೇ ಎಂದು ವಾರಗಟ್ಟಲೆ ಜಂಬದಿಂದ ಮೆರೆದೆ.

ಆಮೇಲೆ ನಮ್ಮ ಕೈ ಮೀರಿತು. ಜನ ಬಂದು ‘ಒಂದು ಗಿರಗಿಟ್ಲೆ ಕೊಡಿ’ ಎಂದು ಕೇಳತೊಡಗಿದರು. ನಿಮ್ಮಪ್ಪ ಗಿರಗಿಟ್ಲೆ ಮೇಸ್ತ್ರಿಯಾದರು, ನಾನು ಗಿರಗಿಟ್ಲೆ ಅಮ್ಮನಾದೆ. ನಿನ್ನ ತಮ್ಮ ಹುಟ್ಟುವ ಮೊದಲೇ ಅವನಿಗೆ ಸಣ್ಣ ಗಿರಗಿಟ್ಲೆ ಎಂಬ ಬಿರುದು ಕಾದಿತ್ತು, ಪಾಪ, ಅವನು ಒಂದು ಸುತ್ತು ತಿರುಗಿದರೂ ವಾಂತಿ ಮಾಡುತ್ತಿದ್ದ. ಅಂಗಡಿಯ ತಿರುವಿಗೆ ಆ ಹೆಸರು ಬಂತು, ತಿರುವಿನಲ್ಲಿ ಬಸ್ಸು ನಿಲ್ಲತೊಡಗಿದ ಮೇಲೆ ಸ್ಟಾಪಿಗೂ ಬಂತು. ಎದುರಿನ ಚಹಾದಂಗಡಿಯವನು ನಮ್ಮನ್ನು ಕೇಳದೆಯೇ ತನ್ನ ಬೋರ್ಡಿಗೂ ಏರಿಸಿಕೊಂಡ. ನಮ್ಮ ಹಳೆಯ ಮೆಕ್ಯಾನಿಕ್ ಉದ್ದಣ್ಣ ನೆನಪಿದ್ದಾನಾ, ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಿದ್ದವನು? ಅವನು ಬೇರೆ ಊರಿಗೆ ಹೋಗಿ ಸ್ವಂತ ಅಂಗಡಿ ಹಾಕಿದಾಗ ನಿಮ್ಮಪ್ಪನ ಕಾಲು ಮುಟ್ಟಿ ಹೆಸರು ಕೇಳಿಕೊಂಡು ಹೋದ. ಈಗ ಆ ಊರಿನಲ್ಲೂ ಅವನ ಅಂಗಡಿಯ ಇಳಿಜಾರಿಗೆ ಗಿರಗಿಟ್ಲೆ ಎನ್ನುತ್ತಾರಂತೆ. ಹೋದ ವರ್ಷ ನಮಗೆ ಬರಬೇಕಾದ ಟೈರಿನ ಪಾರ್ಸೆಲ್ಲು ನೆಟ್ಟಗೆ ಅಲ್ಲಿಗೆ ಹೋಗಿ ಕೂತಿತ್ತು.

ಹೀಗೆ ಹೆಸರು ಊರೆಲ್ಲ ಹರಡುತ್ತಿದ್ದಾಗಲೇ ನೀನು ಒಂದು ದಿನ ಕಾಲೇಜಿನಿಂದ ಬಂದು, ಚೀಲವನ್ನೂ ಇಳಿಸದೆ, ಗಿರಾಕಿಗಳ ಎದುರಿಗೇ ‘ಆ ಹೆಸರು ಕೆರೆದು ಹಾಕಿ ಅಪ್ಪಾ, ಇನ್ಮೇಲೆ ನನ್ನನ್ನೂ ಹಾಗೆ ಕರೀಬೇಡಿ’ ಎಂದೆ. ಕಾರಣ ಹೇಳಲಿಲ್ಲ. ಆ ಮಾತನ್ನು ಅಪ್ಪನ ಮುಂದೆ ಹೇಗೆ ತಾನೇ ಹೇಳುತ್ತೀಯ, ಈಗ ಅರ್ಥವಾಗುತ್ತದೆ. ನೀನು ದೊಡ್ಡ ಓದಿಗೆ ಹೋದವಳು, ಬಾಡಿಗೆ ಸೈಕಲ್ಲಿನವನ ಮಗಳು ಅನ್ನಿಸಿಕೊಳ್ಳಲು ನಾಚುತ್ತೀಯ ಎಂದೇ ಅವರು ತಿಳಿದರು. ‘ನಾನಿಟ್ಟ ಹೆಸರು ಭಾರ ಆಯ್ತಾ? ಸರಿ, ಕರೆಯಲ್ಲ ಬಿಡು’ ಎಂದರು. ಆಡಿದ ಮಾತಿಗೆ ತಪ್ಪುವವರಲ್ಲ ಅವರು, ಅದೇ ನನ್ನ ಕರ್ಮ. ನೀನು ಹಾಸ್ಟೆಲಿಗೆ ಹೋದೆ, ಅಲ್ಲಿಂದ ಕೆಲಸಕ್ಕೆ ಹೋದೆ, ಅವರು ಕರೆಯಲೇ ಇಲ್ಲ. ಶಾಲೆಯ ಹೆಸರಾದರೂ ಹಿಡಿದು ಕರೆಯಿರಿ ಎಂದು ಎಷ್ಟೋ ಸಲ ಹೇಳಿದೆ. ಒಂದು ಸಲ ಗೋಡೆಗೆ ಮುಖ ಮಾಡಿ ಹೇಳಿನೋಡಿದರು, ಬ್ಯಾಂಕಿನಲ್ಲಿ ಯಾರನ್ನೋ ಕೂಗಿದ ಹಾಗಿತ್ತು. ನೀನು ಫೋನ್ ಮಾಡಿದಾಗ ಅವರು ಎತ್ತಿದರೆ ‘ಹಾಂ, ಹೇಳಿ’ ಎಂದು ಗಿರಾಕಿಗೆ ಹೇಳಿದಂತೆ ಹೇಳಿ ನನ್ನ ಕೈಗೆ ಕೊಟ್ಟುಬಿಡುತ್ತಾರಲ್ಲ, ಅದು ಕೋಪಕ್ಕಲ್ಲ ಮಗಳೇ. ನಿನ್ನನ್ನು ಕರೆಯಲು ಅವರ ಹತ್ತಿರ ಹೆಸರೇ ಇಲ್ಲ.

ಈ ವಾರದ ಕಥೆ ಕೇಳು. ನಿನ್ನ ತಮ್ಮ ಒಪ್ಪಿಸಿದ ಮಾರನೆಯ ಬೆಳಿಗ್ಗೆ ನಿಮ್ಮಪ್ಪ ಬ್ಲೇಡು, ಸೀಮೆಎಣ್ಣೆ, ಹಳೇ ಬಟ್ಟೆ ಹಿಡಿದು ಮಡ್ಗಾರ್ಡುಗಳ ಮುಂದೆ ಕೂತರು. ಬಾಡಿಗೆ ಸೈಕಲ್ಲು ಕೇಳುವವರು ಈಗ ಯಾರಿದ್ದಾರೆ, ಉಳಿದಿರುವುದೇ ಕೆಲವು. ಅವನ್ನೆಲ್ಲ ಕೆರೆದರು. ವರ್ಷ ವರ್ಷವೂ ಬಣ್ಣ ತೀಡಿದ್ದರಿಂದ ಪದರ ದಪ್ಪವಾಗಿ, ಹಳದಿ ಚೂರುಗಳು ಅವರ ಮೊಣಕೈವರೆಗೂ ಅಂಟಿದ್ದವು. ಅದೇ ಹೆಸರಿದ್ದ ಅಂಗಡಿಯ ಬೋರ್ಡನ್ನೂ ಇಳಿಸಿ ಗೋಡೆಗೆ ತಿರುಗಿಸಿ ಇಟ್ಟರು. ಅಲ್ಲಿಗೆ ಮುಗಿಯಿತೇ? ಚಹಾದಂಗಡಿಗೆ ಹೋಗಿ ಹೆಸರು ತೆಗೆಯೋ ಎಂದರು. ‘ಬೋರ್ಡ್ ತೆಗೀತೀನಿ ಅಣ್ಣಾ, ಕುಡಿಯೋರ ಬಾಯಿಂದ ಹೇಗೆ ತೆಗೀಲಿ?’ ಎಂದನಂತೆ ಅವನು. ಆಮೇಲೆ ಸ್ಟಾಪಿನಲ್ಲಿ ಬಸ್ಸಿಗೆ ಅಡ್ಡ ನಿಂತು, ಹಾಗೆ ಕೂಗಬೇಡಪ್ಪಾ ಎಂದು ಕಂಡಕ್ಟರಿಗೆ ಹೇಳಿದರು. ‘ಯಜಮಾನ್ರೇ, ನಾನು ಈ ರೂಟಿಗೆ ಬಂದಾಗಿಂದ ಇದು ಗಿರಗಿಟ್ಲೇನೇ. ಬೇರೆ ಏನು ಕೂಗಿದ್ರೂ ಒಬ್ರೂ ಇಳಿಯಲ್ಲ’ ಎಂದು ಸೀಟಿ ಊದಿದನಂತೆ. ಬಸ್ಸಿನವರೆಲ್ಲ ಕಿಟಕಿಯಿಂದ ನೋಡಿ ನಕ್ಕರಂತೆ. ಈ ವಯಸ್ಸಿನಲ್ಲಿ ಅವರು ಕಂಡಕಂಡವರ ಹತ್ತಿರ ಹೋಗಿ ಒಂದು ಹೆಸರನ್ನು ವಾಪಸ್ ಕೇಳುವುದನ್ನು ನೋಡಿ ನನಗೂ ನಗು ಬಂತು, ಆಮೇಲೆ ಸಂಕಟವಾಯಿತು.

ಕೊನೆಗೆ ಇಸ್ತ್ರಿ ಅಂಗಡಿಯವಳ ಹತ್ತಿರ ಹೋದರು. ನೀನು ಅವಳನ್ನು ನೋಡಿಲ್ಲ. ಗಂಡನ ಹೊಡೆತ ತಾಳಲಾರದೆ ತುಂಬಿದ ಬಸುರಿಯಾಗಿ ಮನೆಬಿಟ್ಟು ಬಂದವಳು. ಬಸ್ಸು ಹತ್ತಿದಾಗ ಎಲ್ಲಿಗೆ ಎಂದು ಕಂಡಕ್ಟರು ಕೇಳಿದರೆ ಅವಳಿಗೆ ಯಾವ ಊರೂ ಬಾಯಿಗೆ ಬರಲಿಲ್ಲ, ಮುಂದಿನ ಸೀಟಿನವರು ಕೇಳಿದ ಟಿಕೆಟ್ಟನ್ನೇ ತಾನೂ ಕೇಳಿದಳು. ‘ಗಿರಗಿಟ್ಲೆ ಅಂತ ನನ್ನ ಬಾಯಲ್ಲಿ ಬಂದಾಗ ಎಷ್ಟೋ ತಿಂಗಳಾದ ಮೇಲೆ ನಗು ಬಂತು ಕಣಮ್ಮಾ’ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಾಳೆ. ನಮ್ಮ ಅಂಗಡಿಯ ಜಗಲಿಯಲ್ಲೇ ಇಸ್ತ್ರಿ ಮೇಜು ಹಾಕಿಕೊಂಡಳು, ಹುಟ್ಟಿದ ಮಗಳಿಗೆ ಅದೇ ಹೆಸರಿಟ್ಟಳು. ಆ ಮಗು ಈಗ ಶಾಲೆಗೆ ಹೋಗುತ್ತಿದೆ, ಶಾಲೆಯಲ್ಲೂ ಅದೇ ಹೆಸರು. ನಿಮ್ಮಪ್ಪ ಅವಳ ಮೇಜಿನವರೆಗೆ ಹೋಗಿ, ನೆಪಕ್ಕೆ ಹಿಡಿದಿದ್ದ ಒಗೆದ ಬಟ್ಟೆಯನ್ನೂ ಕೊಡದೆ, ಹೆಸರಿನ ಮಾತೂ ಎತ್ತದೆ ವಾಪಸ್ ಬಂದರು. ಏನಾಯಿತು ಎಂದೆ. ‘ಆ ಕೂಸಿನ ಹೆಸರು ಕಿತ್ಕೊಳ್ಳೋಕೆ ನಾನ್ಯಾರು?’ ಎಂದು ಹೇಳಿ ಮಲಗಿಬಿಟ್ಟರು.

ನೋಡು ಮಗಳೇ, ಆ ಹುಡುಗರು ನಿನ್ನ ಹೆಸರನ್ನು ಹೊಲಸು ಮಾಡಿದ್ದು ನಿಜ, ಅದನ್ನು ಮರೆತುಬಿಡು ಎಂದು ನಾನು ಹೇಳುವುದಿಲ್ಲ. ಹೇಳುವುದು ಸುಲಭ, ಆ ಗೇಟು ದಾಟಿದವಳು ನೀನು. ಆದರೆ ಅದೇ ಹೆಸರು ಹಿಡಿದು ಇನ್ನೊಬ್ಬಳು ಬಸ್ಸಿಳಿದು ಬದುಕಿಕೊಂಡಳು, ಅದೂ ನಿನ್ನ ಕಿವಿಗೆ ಬೀಳಲಿ ಎಂದು ಬರೆದೆ. ನಿನ್ನ ತಮ್ಮನಿಗೆ ಬುದ್ಧಿ ಹೇಳಿದ್ದೇನೆ. ಅವನು ಬೇರೆ ಹೆಸರುಗಳನ್ನು ಯೋಚಿಸುತ್ತಿದ್ದಾನೆ, ಒಂದಕ್ಕಿಂತ ಒಂದು ಕೆಟ್ಟದಾಗಿವೆ. ಮಗುವಿನ ಅತ್ತೆ ನೀನು, ಬಂದು ಒಂದು ಒಳ್ಳೆಯ ಹೆಸರು ಹೇಳು. ನಾಲ್ಕು ದಿನ ರಜೆ ಹಾಕಿದರೆ ಆಸ್ಪತ್ರೆಯೇನೂ ಬಿದ್ದುಹೋಗುವುದಿಲ್ಲ. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದಿದ್ದೇನೆ. ನಿನ್ನ ತಮ್ಮ, ಅವನ ಹೆಂಡತಿ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಮೈ ಕೈ ನೋವಿಲ್ಲದೆ, ನಿದ್ದೆ ಊಟ ಸರಿಯಾಗಿ ಸಿಕ್ಕು, ನೂರು ಕಾಲ ಬಾಳು ಕಂದಾ.

ಇಂತಿ,
ನಿನ್ನ ಅಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದೆ, ನಿಮ್ಮಪ್ಪ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಅವಳಿಗೇನಾ ಎಂದು ಕೇಳಿದರು, ಹೌದು ಎಂದೆ. ಬರ್ತಾಳಂತಾ ಎಂದರು. ಬಾ ಎಂದು ಬರೆದಿದ್ದೇನೆ ಎಂದೆ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ, ಓದಿದ ಕೂಡಲೇ ಉತ್ತರ ಹಾಕು: ‘ಬಸ್ಸಿನ ಹತ್ರ ನಾನೇ ಹೋಗ್ತೀನಿ. ಜನ ತುಂಬ ಇಳೀತಾರೆ, ಅವಳಿಗೆ ನಾನು ಕಾಣದೇ ಹೋಗಬಹುದು, ಕೂಗಬೇಕಾಗುತ್ತೆ. ಏನಂತ ಕೂಗ್ಲಿ, ಅವಳನ್ನೇ ಕೇಳು.’