ಮೊದಲರ್ಧ ಬೆಂಚಿನ ಮೇಲೆ

ಜನವರಿ 14, ಸೋಮವಾರ

ನಮ್ಮ ಹೈಸ್ಕೂಲು ತಂಡದ ಬ್ಯಾಸ್ಕೆಟ್‌ಬಾಲ್ ಚೆಂಡುಗಳಿಗೆಲ್ಲ ಗಾಳಿ ತುಂಬಿದ್ದಾಯಿತು. ಎರಡು ಮತ್ತೆ ಮೆತ್ತಗಾಗಿವೆ. ಚಳಿ ವಿಪರೀತ.

ಮಧ್ಯಾಹ್ನ ಕಾಲೇಜು ತಂಡದ ಕೋಚ್ ರೂತ್ ಆಮ್ಡಾಲ್ ಫೋನ್. "ಶುಕ್ರವಾರದ ಮ್ಯಾಚಿಗೆ ಬರ್ತೀನಿ ಪಾಲ್. ನಿಮ್ಮ ಟೆಸ್ಸಾನ ನೋಡ್ಬೇಕು. ನಮ್ಮಲ್ಲಿ ಒಂದೇ ಸ್ಕಾಲರ್‌ಶಿಪ್ ಉಳಿದಿರೋದು."

ಟೆಸ್ಸಾಳ ತಾಯಿ ಚೀಸ್ ಕಾರ್ಖಾನೆಯಲ್ಲಿ ದುಡಿಯುವವಳು. ಈ ಸ್ಕಾಲರ್‌ಶಿಪ್ ಇಲ್ಲದಿದ್ದರೆ ಹುಡುಗಿಗೆ ಕಾಲೇಜೇ ಇಲ್ಲ. ಕುಣಿದಾಡಬೇಕಿತ್ತು ನಾನು. ನನ್ನ ಮಗಳು ಜಾನೆಲ್ ಬಗ್ಗೆ ಒಂದು ಮಾತು ಕೇಳಲಿಲ್ಲವಲ್ಲ... ಅವಳೂ ಇದೇ ತಂಡದವಳು, ಟೆಸ್ಸಾಳ ಜಾಗಕ್ಕೇ ಬದಲಿ ಆಟಗಾರ್ತಿ. ಅವಳ ಆಟದ ಟೇಪು ಎರಡು ಸಲ ಕಳಿಸಿದ್ದೆ.

ಜನವರಿ 18, ಶುಕ್ರವಾರ

ಮ್ಯಾಚಿನ ದಿನ ಬೆಳಗ್ಗೆ ಏಳಕ್ಕೆ ಅಭ್ಯಾಸ. ತಡವಾದವರು ಮೊದಲರ್ಧ ಆಡುವಂತಿಲ್ಲ. ನಾನೇ ಬರೆದು ಬಾಗಿಲಿಗೆ ಅಂಟಿಸಿದ ನಿಯಮ.

ಟೆಸ್ಸಾ ಬಂದದ್ದು ಏಳೂ ಹನ್ನೆರಡಕ್ಕೆ. ಓಡಿ ಬಂದಿದ್ದಳು, ರೆಪ್ಪೆಯ ಮೇಲೆಲ್ಲ ಮಂಜು. "ಕಾರು ಸ್ಟಾರ್ಟೇ ಆಗ್ಲಿಲ್ಲ ಕೋಚ್. ಎರಡು ಮೈಲಿ ಓಡ್ಕೊಂಡೇ ಬಂದೆ."

"ರೂಲ್ಸ್ ಅಂದ್ರೆ ರೂಲ್ಸು" ಅಂದೆ.

ಸಂಜೆ ಅವಳು ಬೆಂಚಿನ ಮೇಲೆ. ಅವಳ ಬದಲಿಗೆ ಜಾನೆಲ್. ಪಾಪ, ಮೂರು ಸಲ ಚೆಂಡು ಕಳೆದುಕೊಂಡಳು. ಆಮ್ಡಾಲ್ ಗಡಿಯಾರ ನೋಡುತ್ತಲೇ ಇದ್ದರು. ಹೊರಗೆ ಹಿಮಗಾಳಿ ಎದ್ದಿತ್ತು, ಅವರ ಊರಿಗೆ ಮೂರು ಗಂಟೆ ದಾರಿ. ವಿರಾಮದಲ್ಲಿ ಎದ್ದು ಹೋಗಿಬಿಟ್ಟರು.

ದ್ವಿತೀಯಾರ್ಧದಲ್ಲಿ ಟೆಸ್ಸಾ ಇಪ್ಪತ್ತೆರಡು ಅಂಕ. ನೋಡಬೇಕಾದವರು ನೋಡಲಿಲ್ಲ.

ಜನವರಿ 19

ಬೆಳಗಿನ ತಿಂಡಿಗೆ ಕೂತಾಗ ಜಾನೆಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪಾ, ಡಿಸೆಂಬರಲ್ಲಿ ನಾನೂ ಲೇಟಾಗಿ ಬಂದಿದ್ದೆ."

"ಆವತ್ತು ರಸ್ತೆ ತುಂಬ ಐಸಿತ್ತು."

"ನಿನ್ನೆ ಇರ್ಲಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಕಾಫಿ ಬಿಟ್ಟು ಎದ್ದೆ.

ಜನವರಿ 21, ಬೆಳಗ್ಗೆ 10

ಆಮ್ಡಾಲ್ ಫೋನ್. "ಆ ಹುಡುಗಿ ಯಾಕೆ ಕೂತಿದ್ಲು? ಏನಾದ್ರೂ ತೊಂದರೆನಾ?"

ಕಾರು ಕೆಟ್ಟಿತ್ತು, ಓಡಿ ಬಂದಳು — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದ್ದು: "ಶಿಸ್ತಿನ ವಿಷಯ."

"ಓಹೋ" ಅಂದರು.

ಆಗಲಾದರೂ ಬಾಯಿ ಬಿಡಬೇಕಿತ್ತು. "ಜಾನೆಲ್ ಟೇಪು ನೋಡಿದ್ರಾ?" ಎಂದು ಕೇಳಿದೆ. ನಾಚಿಕೆಗೇಡಿ ನಾನು.

ಫೆಬ್ರವರಿ 11

ತಡೆಯಲಾಗದೆ ನಾನೇ ಆಮ್ಡಾಲ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಕಾರು, ಓಟ, ಡಿಸೆಂಬರು, ಎಲ್ಲ.

"ಮೊನ್ನೆ ಬೇರೆ ಹುಡುಗಿಗೆ ಮಾತು ಕೊಟ್ಬಿಟ್ಟೆ ಪಾಲ್. ಹುಡುಗಿ ಹೇಗೆ ಅಂತ ನಾವು ಕೇಳೋದು ಅವಳ ಕೋಚನ್ನೇ. ಇನ್ಯಾರನ್ನ ಕೇಳೋಣ?"

ಮಾರ್ಚ್ 24, ಭಾನುವಾರ

ಆರು ವಾರ ಡೈರಿ ಬರೆಯಲಿಲ್ಲ. ಟೆಸ್ಸಾಳಿಗಾಗಿ ಬೇರೆ ಐದು ಕಾಲೇಜುಗಳಿಗೆ ಪತ್ರ ಹಾಕಿದೆ, ಎಲ್ಲಿಯೂ ಜಾಗವಿಲ್ಲ. ಟೆಸ್ಸಾ ತಾಯಿಯ ಜೊತೆ ಕಾರ್ಖಾನೆಗೆ ಸೇರುತ್ತಾಳಂತೆ.

ಇವತ್ತು ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಅವಳೇ. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದಳು.

"ಸಾರಿ ಕೋಚ್. ಆವತ್ತು ಟೈಮಿಗೆ ಬಂದಿದ್ರೆ ನಿಮ್ಮ ಮರ್ಯಾದೇನೂ ಉಳೀತಿತ್ತು. ನೀವು ನಂಗೋಸ್ಕರ ಎಷ್ಟು ಕಷ್ಟಪಟ್ರಿ."

"ಟೆಸ್ಸಾ, ಜಾನೆಲ್ ಕೂಡ ಒಂದಿನ ತಡವಾಗಿ ಬಂದಿದ್ಲು. ಅವಳನ್ನ ಕೂರಿಸ್ಲಿಲ್ಲ ನಾನು."

"ಗೊತ್ತು. ತಂಡಕ್ಕೆಲ್ಲ ಗೊತ್ತು." ನಕ್ಕಳು. ಕೋಪವೇ ಇಲ್ಲ ಹುಡುಗಿಗೆ. "ಮಗಳಲ್ವಾ. ನಮ್ಮಮ್ಮ ಕೋಚಾಗಿದ್ರೆ ಅವಳೂ ಹಂಗೇ ಮಾಡೋಳು. ಬಿಡಿ, ಆ ಆಮ್ಡಾಲ್‌ಗೆ ನಾನು ಇಷ್ಟ ಆಗ್ಲಿಲ್ಲ, ಅಷ್ಟೇ."

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಕ್ಷಮೆ ಸಿಕ್ಕಿಬಿಟ್ಟಿತ್ತು, ಅರ್ಧ ತಪ್ಪಿಗೆ. ಟೋಪಿ ತೆಗೆದೆ. ಹೇಳಿದೆ, "ಅವರು ಫೋನ್ ಮಾಡಿದ್ರು ಟೆಸ್ಸಾ. ನಿನ್ನ ಬಗ್ಗೆ ಕೇಳಿದ್ರು. ನಾನು..."

ಅವಳ ನಗು ನಿಂತಿತು. "ನೀವು ಏನಂದ್ರಿ?"

ನಾನು ಅಂದದ್ದು ಎರಡೇ ಮಾತು, ಅದನ್ನೇ ಅವಳಿಗೂ ಹೇಳಿದೆ: "ಶಿಸ್ತಿನ ವಿಷಯ."