ಸಂಘದ ಕಡೆಯಿಂದ ಯಾವ ಲೋಪವೂ ಇಲ್ಲ

ಕಡೂರು
26-11-2024, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಕಾಲು ಹೇಗಿದೆ? ಊತ ಇಳಿಯಿತೇ? ವಾಕರ್ ಹಿಡಿದು ಬಚ್ಚಲುಮನೆವರೆಗೆ ಹೋಗುತ್ತಿದ್ದೀಯಂತೆ, ಮೊಮ್ಮಗಳು ನಿಖಿತಾ ಫೋನಿನಲ್ಲಿ ಹೇಳಿದಳು. ಒಬ್ಬಳೇ ಹೋಗಬೇಡ, ಸೊಸೆಯನ್ನು ಕರೆ. ನೀನು ಯಾರನ್ನೂ ಕರೆಯುವವಳಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಇನ್ನೊಂದು ಆಪರೇಷನ್ ಆಗಲೇಬೇಕು, ತಡಮಾಡಿದರೆ ಕಾಲು ಗಿಡ್ಡವಾಗಿಯೇ ಉಳಿಯುತ್ತದೆ ಅಂತ ಡಾಕ್ಟರು ಅಂದ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಇಲ್ಲಿ ನಾವಿಬ್ಬರೂ ಕ್ಷೇಮ ಅಂತ ಪದ್ಧತಿಗೆ ಬರೆಯಬೇಕು. ಕೋಮಲಾ ಚೆನ್ನಾಗಿದ್ದಾಳೆ. ಗಂಡನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಯಿತು, ಅಷ್ಟೇ. ಫೋನ್ ಇರುವಾಗ ಕಾಗದ ಯಾಕೋ ಅಂತೀಯ. ಮೂರು ಸಲ ಫೋನ್ ಮಾಡಿದೆನಲ್ಲ ಅಕ್ಕಾ. ನೀನು “ಏನಪ್ಪಾ, ಉಂಡ್ಯಾ?” ಅಂದ ಕೂಡಲೇ ಉಂಡೆ ಅಂತ ಹೇಳಿ ಇಟ್ಟುಬಿಡುತ್ತೇನೆ.

ನಮ್ಮ ಬಡಾವಣೆಯ ಸಂಘ ಅಂದರೆ ನಿನಗೆ ಮೊದಲಿನಿಂದಲೂ ನಗು. ಸೇರಲೇಬೇಕು ಅನ್ನುವ ಕಾನೂನೇನಿಲ್ಲ. ಐವತ್ತು ಮನೆಗಳಲ್ಲಿ ಮೂವತ್ತು ಮನೆಯವರು ನಾವಾಗಿಯೇ ಕೂಡಿ ಮಾಡಿಕೊಂಡಿದ್ದು. ಪಾರ್ಕು, ಅದರೊಳಗಿನ ನೀರಿನ ಸಂಪು, ಮೂಲೆಯ ಪುಟ್ಟ ಭವನ, ಇವು ಎಲ್ಲರಿಗೂ ಸೇರಿದ ಆಸ್ತಿ, ನೋಡಿಕೊಳ್ಳುವುದು ಸಂಘ. ನಾನು ಅಧ್ಯಕ್ಷ. ಎರಡು ವರ್ಷದ ಹಿಂದೆ ಮೂರನೇ ಕ್ರಾಸಿನ ಅನುಪಮಾ, ಕಡೂರು ಕೋರ್ಟಿನಲ್ಲಿ ವಕೀಲಿಕೆ ಮಾಡುವ ಹುಡುಗಿ, ಹಠ ಹಿಡಿದು ಸಂಘಕ್ಕೊಂದು ವಿಮೆ ಮಾಡಿಸಿದಳು. ನಮ್ಮ ಜಾಗದಲ್ಲಿ ಹೊರಗಿನವರಿಗೆ ಏಟಾದರೆ ಕಂಪನಿ ನೋಡಿಕೊಳ್ಳುತ್ತದೆ ಅಂದಳು. ಪಾರ್ಕಿನಲ್ಲಿ ಯಾವ ಹುಲಿ ಇದೆ ತಾಯಿ ಅಂತ ಗೇಲಿ ಮಾಡಿದವನು ನಾನೇ. ಸಹಿ ಹಾಕಿದೆ, ಕಾಗದ ಬೀರುವಿನಲ್ಲಿಟ್ಟೆ, ಒಂದು ಸಾಲನ್ನೂ ಓದಲಿಲ್ಲ.

ದೀಪಾವಳಿಗೆ ಬಂದಿದ್ದ ನೀನು ರಾಜ್ಯೋತ್ಸವದ ಹಿಂದಿನ ದಿನ ಪಾರ್ಕಿಗೆ ಹೂ ಕೀಳಲು ಹೋಗಿ ಬಂದವಳೇ ನನ್ನೆದುರು ನಿಂತು ಹೇಳಿದ್ದೆ: “ಲೇ, ಸಂಪಿನ ಮೇಲಿನ ಚಪ್ಪಡಿ ಅಲ್ಲಾಡ್ತೈತೆ ಕಣೋ. ಬಿರುಕೂ ಬಿಟ್ಟೈತೆ, ನೋಡ್ಸು.” ಎಪ್ಪತ್ತೆರಡು ವರ್ಷಕ್ಕೆ ಕನ್ನಡಕವಿಲ್ಲದೆ ಪೇಪರ್ ಓದುವವಳು ನೀನು, ನಿನ್ನ ಕಣ್ಣಿಗೆ ಬಿದ್ದದ್ದು ನನಗೆ ಬೀಳಲಿಲ್ಲ ಅಂತಲ್ಲ. ನಾನೂ ಹೋಗಿ ನೋಡಿದೆ. ಕಾಲಿಟ್ಟು ಅಲ್ಲಾಡಿಸಿಯೂ ನೋಡಿದೆ. ಬೆಳಗಾದರೆ ಧ್ವಜಾರೋಹಣ, ಪುರಸಭೆಯಿಂದ ಅತಿಥಿಗಳು ಬರುತ್ತಾರೆ, ಈಗ ಗಾರೆಯವನನ್ನು ಎಲ್ಲಿಂದ ತರಲಿ ಅಂತ ಶಾಮಿಯಾನದವನ ಕೆಂಪು ಕಾರ್ಪೆಟ್ಟನ್ನು ಅದರ ಮೇಲೇ ಹಾಸಿಸಿಬಿಟ್ಟೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ ಅಕ್ಕಾ. ನಿನಗೂ ಹೇಳಿರಲಿಲ್ಲ. ಬಿರುಕು ಕಾಣದ ಹಾಗೆ ಮುಚ್ಚಿದವನು ನಾನೇ. ಮಾರನೇ ದಿನ ನೀನು ಯಾರಿಗೋ ಕುರ್ಚಿ ಬಿಟ್ಟುಕೊಡಲು ಎದ್ದು ಎರಡು ಹೆಜ್ಜೆ ಹಿಂದೆ ಸರಿದೆ ನೋಡು, ಅಷ್ಟರಲ್ಲಿ ಕಾರ್ಪೆಟ್ಟಿನಡಿಯ ಚಪ್ಪಡಿ ವಾಲಿ ಆಗಬಾರದ್ದು ಆಗಿಹೋಯಿತು. ನಿನ್ನ ಕೂಗು ಕೇಳಿದಾಗ ನಾನು ಮೈಕಿನ ಮುಂದೆ ಸ್ವಾಗತ ಭಾಷಣ ಮಾಡುತ್ತಿದ್ದೆ.

ಹತ್ತು ದಿನಕ್ಕೆ ವಿಮೆಯ ಕಡೆಯಿಂದ ಪರಮೇಶ್ ಅನ್ನುವವರು ವಿಚಾರಣೆಗೆ ಬಂದರು. ಒಳ್ಳೆಯ ಮನುಷ್ಯ. ಚಪ್ಪಡಿ ಮೊದಲೇ ಹಾಳಾಗಿತ್ತೇ, ನಿಮಗೆ ಗೊತ್ತಿತ್ತೇ ಅಂತ ಮೆಲ್ಲಗೇ ಕೇಳಿದರು. ಬೀರೂರು ಸ್ಟೇಷನ್ನಿನಲ್ಲಿ ಮೂವತ್ತೊಂದು ವರ್ಷ ಬುಕಿಂಗ್ ಗುಮಾಸ್ತನಾಗಿದ್ದವನು ನಾನು. ಮೇಲಿನಿಂದ ವಿವರಣೆ ಕೇಳಿ ಕಾಗದ ಬಂದರೆ ಮೊದಲ ಸಾಲಿನಲ್ಲೇ ‘ನನ್ನ ಕಡೆಯಿಂದ ಯಾವ ಲೋಪವೂ ಆಗಿಲ್ಲ’ ಅಂತ ಬರೆದು ಆಮೇಲೆ ಉಳಿದದ್ದನ್ನು ಯೋಚಿಸುವುದು ನಮಗೆ ಕೈಗೆ ಹತ್ತಿದ ಅಭ್ಯಾಸ. ಪೆನ್ನು ಅದನ್ನೇ ಬರೆಯಿತು ಅಂದರೆ ಸುಳ್ಳಾಗುತ್ತದೆ, ಬರೆದವನು ನಾನು. ಚಪ್ಪಡಿ ಗಟ್ಟಿಯಾಗಿತ್ತು ಅಂದೆ. ‘ಅಂಬಮ್ಮ ಎಂಬ ವಯೋವೃದ್ಧೆ ದೃಷ್ಟಿದೋಷದಿಂದ ಎಡವಿ, ತಮ್ಮದೇ ಅಜಾಗರೂಕತೆಯಿಂದ ಬಿದ್ದಿರುತ್ತಾರೆ’ ಅಂತ ಬರೆದುಕೊಟ್ಟೆ. ನನ್ನ ಅಕ್ಕ ಅಂತ ಕೂಡ ಬರೆಯಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಕಂಪನಿಯ ಉತ್ತರ ಬಂತು. ಕಳೆದ ಶುಕ್ರವಾರ ಸಂಜೆ ಭವನದಲ್ಲಿ ಸಭೆ ಕರೆದು ಅದನ್ನು ನಾನೇ ಎದ್ದು ನಿಂತು ಓದಿದೆ. ‘ಸಂಘದ ಕಡೆಯಿಂದ ಯಾವ ಲೋಪವೂ ಕಂಡುಬಂದಿಲ್ಲ’ ಅನ್ನುವ ಸಾಲನ್ನು ಎರಡು ಸಲ ಓದಿದೆ. ಚಪ್ಪಾಳೆ ಬಿತ್ತು ಅಕ್ಕಾ. ನಾನು ನಗುತ್ತಾ ಕೈ ಮುಗಿದೆ. ಆಗ ಅನುಪಮಾ ಹಿಂದಿನ ಸಾಲಿನಿಂದ ಎದ್ದಳು. ದನಿ ಏರಿಸಲಿಲ್ಲ. “ಸಾರ್, ಈ ವಿಮೆ ಇರೋದೇ ನಮ್ಮ ತಪ್ಪಿಗೆ. ತಪ್ಪೇ ಇಲ್ಲ ಅಂತ ಬರ್ಕೊಟ್ರೆ ಅವ್ರು ಆ ಅಮ್ಮಂಗೆ ಏನಂತ ಕೊಡ್ತಾರೆ? ನೀವು ಕಾಪಾಡಿದ್ದು ಯಾರನ್ನ?” ಅಂದಳು. ಕಾಗದವನ್ನು ಮತ್ತೆ ನೋಡಿದೆ. ಕೆಳಗಿನ ಸಾಲು ನಾನು ಓದಿರಲೇ ಇಲ್ಲ: ಆದ್ದರಿಂದ ಗಾಯಾಳುವಿಗೆ ಪರಿಹಾರ ಸಲ್ಲುವುದಿಲ್ಲ. ಆ ಹಣವಿದ್ದರೆ ಆಗುತ್ತಿದ್ದ ನಿನ್ನ ಎರಡನೇ ಆಪರೇಷನ್ ನನ್ನದೇ ಕೈಬರಹದಿಂದ ನಿಂತುಹೋಗಿತ್ತು. ಕೋಮಲಾ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನಾನು ಏನು ಬರೆದುಕೊಟ್ಟಿದ್ದೆ ಅಂತ ಅವಳಿಗೂ ಗೊತ್ತಾಗಿದ್ದು ಅಲ್ಲೇ. ಅಂದಿನಿಂದ ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ.

ನಿನ್ನೆ ಅನುಪಮಾಳ ಆಫೀಸಿನಲ್ಲಿ ಕೂತು ಹೊಸ ಹೇಳಿಕೆ ಬರೆದೆ. ಬಿರುಕು, ನೀನು ಎಚ್ಚರಿಸಿದ್ದು, ಕಾರ್ಪೆಟ್ಟು, ಮೊದಲ ಹೇಳಿಕೆ ಸುಳ್ಳು ಅನ್ನುವುದು, ಅಂಬಮ್ಮ ನನ್ನ ಒಡಹುಟ್ಟಿದ ಅಕ್ಕ ಅನ್ನುವುದು, ಎಲ್ಲಾ ಇದೆ. ಸಂಘದವರಿಗೂ ಓದಿ ಹೇಳಿ ಅಧ್ಯಕ್ಷಗಿರಿ ಬಿಟ್ಟೆ. ಇಬ್ಬರು ಉಗಿದರು, ಉಳಿದವರು ಸುಮ್ಮನೆ ಎದ್ದು ಹೋದರು. ಉಗಿದವರೇ ವಾಸಿ ಅನ್ನಿಸಿತು. ಮೊದಲು ಸುಳ್ಳು ಹೇಳಿದ್ದರಿಂದ ಕಂಪನಿ ತಕರಾರು ಮಾಡಬಹುದು, ಕೊಟ್ಟೇ ಕೊಡುತ್ತಾರೆ ಅಂತ ಹೇಳಲಾರೆ ಅನ್ನುತ್ತಾಳೆ ಅನುಪಮಾ. ಮಹೇಂದ್ರನಿಗೆ ನೀನು ಈ ಕಾಗದ ಓದಿ ಹೇಳು. ಮಗ ಮಾವನನ್ನು ಬೈದರೆ ತಡೆಯಬೇಡ. ನಾಚಿಕೆಯಿಂದ ನಿನ್ನ ಮನೆ ಹೊಸಿಲು ತುಳಿಯಲಾರದೆ ಕೋಮಲಾಳ ಕೈಯಲ್ಲಿ ಇದನ್ನು ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದೇನೆ. ನೀನು ಬಾ ಅಂದ ದಿನ ಬರುತ್ತೇನೆ. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ, ಚಳಿಗೆ ಕಾಲು ಬೆಚ್ಚಗಿಟ್ಟುಕೋ.

ಮುಖವಿಲ್ಲದ ನಿನ್ನ ತಮ್ಮ,
ಹನುಮಂತಪ್ಪ

ಮರೆತದ್ದಲ್ಲ, ಈಗಷ್ಟೇ ತಿಳಿದದ್ದು: ಕಾಗದ ಮಡಚುವಾಗ ಪರಮೇಶ್ ಫೋನ್ ಮಾಡಿದರು. ನನ್ನ ಹೊಸ ಹೇಳಿಕೆ ಓದಿದರಂತೆ. ಆದರೆ ಅವರು ಮೊದಲೇ ನಿನ್ನನ್ನೂ ಫೋನಿನಲ್ಲಿ ಕೇಳಿದ್ದರಂತಲ್ಲ? “ನಂಗೇ ಕಣ್ಣು ಮಂಜು ಕಣಪ್ಪಾ, ಚಪ್ಪಡಿ ಗಟ್ಟಿಯಾಗೇ ಇತ್ತು, ನನ್ನ ತಮ್ಮಂದೇನೂ ತಪ್ಪಿಲ್ಲ” ಅಂದೆಯಂತೆ. ನಾನು ನಿನ್ನನ್ನು ಅಕ್ಕ ಅಂತ ಬರೆಯದ ಹೊತ್ತಿನಲ್ಲಿ ನೀನು ನನ್ನನ್ನು ತಮ್ಮ ಅಂದಿದ್ದೀಯ. ನಿನ್ನ ಮಾತು ಹಾಗೇ ಇದ್ದರೆ ನನ್ನ ನಿಜ ನಿಲ್ಲುವುದಿಲ್ಲ, ಆಪರೇಷನ್ನಿಗೆ ದಾರಿಯಿಲ್ಲ. ಗುರುವಾರ ಬೆಳಿಗ್ಗೆ ಅವರು ಅಜ್ಜಂಪುರಕ್ಕೆ, ನಿನ್ನ ಮನೆಗೇ ಬರುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳು. ಈ ಸಲ ನನ್ನನ್ನು ಬಿಟ್ಟುಕೊಡು ಅಕ್ಕಾ.