ಆಕಿ ಏನಂದ್ಳು?

ಅರ್ಜುನ,

ನಿನ್ನೆ ಬೈಲಹೊಂಗಲದ ಚಿತ್ರೋತ್ಸವದಲ್ಲಿ ನಿಮ್ಮವ್ವ ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಪರದೇಶದ ಸಿನಿಮಾ. ಪ್ರೀತಿಸಿದವನೊಡನೆ ಮನೆ ಬಿಟ್ಟ ಹುಡುಗಿಯನ್ನು ಪೊಲೀಸರು ವಿಚಾರಿಸುತ್ತಿದ್ದರು. ಕೆಳಗಿನ ಇಂಗ್ಲಿಷ್ ಸಾಲು ಓದಲು ಬಾರದೆ ನಿಮ್ಮವ್ವ ಕೇಳಿದರು: “ತಂಗಿ, ಆಕಿ ಏನಂದ್ಳು?”

“ನಾನಾಗೇ ಬಂದೇನಿ, ಇವಂದೇನೂ ತಪ್ಪಿಲ್ಲ ಅಂದ್ಳ್ರಿ.”

ಆಮೇಲೆ ಜಾತಿ ಮೀರಿದ ಮದುವೆಗಳ ಬಗ್ಗೆ ಚರ್ಚೆ ನಡೆಯಿತು. ನಿಮ್ಮವ್ವ ಎದ್ದು ನಿಂತರು. “ನನ್ನ ಮಗನ ಜೋಡಿ ಹೋದಾಕಿ, ಜುಲುಮಿಲೆ ಒಯ್ದಾನ ಅಂತ ಠಾಣೇದಾಗ ಬರಕೊಟ್ಳು. ಮಗ ಜೈಲಿನ್ಯಾಗ ಜೀವಾ ಬಿಟ್ಟ.”

ಮೈಕು ನನ್ನ ಕೈಗೆ ಬಂತು. ಹಾಗೆ ಬರೆದುಕೊಟ್ಟವಳು ನಾನೇ ಎನ್ನಲಿಲ್ಲ. “ಸಿನಿಮಾ ಚಲೋ ಇತ್ರಿ” ಎಂದು ಮುಂದಿನವರಿಗೆ ಕೊಟ್ಟೆ.

ನಿಮ್ಮವ್ವ ಕೂತು, ತಮ್ಮ ನೀರಿನ ಬಾಟಲಿಯನ್ನು ನನ್ನತ್ತ ಚಾಚಿದರು. “ಕುಡಿ ತಂಗಿ.”

ಕುಡಿದೆ.

ಶರ್ವರಿ